ಬೇಸಿಗೆ ಸೂಟಿ, ಊರ ಗ್ರಂಥಾಲಯ ಮತ್ತು ಪಗಾರದ ವಿದ್ಯಾರ್ಥಿ



ದತ್ತಿ ಉಪನ್ಯಾಸವೆಂದರೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಎತ್ತಿಕೊಂಡು ಮಾತನಾಡುವುದು ನಮ್ಮಲ್ಲಿ ರೂಢಿ. ಈ ನೆಲದಲ್ಲಿ ನಿಂತವರಿಗೆ ಆ ವಿಷಯಕ್ಕೆ ಬರವಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು, ಶಿಶುನಾಳದಲ್ಲಿ ಶರೀಫರು ಹಾಡಿದರು. ಸವಣೂರಿನಲ್ಲಿ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಅದೇ ತಾಲ್ಲೂಕಿನ ಹತ್ತಿಮತ್ತೂರಿನಿಂದ ಚಂದ್ರಶೇಖರ ಪಾಟೀಲರು ಬಂದರು. ಬಂಕಾಪುರದಲ್ಲಿ ಶಕ 820ರಲ್ಲಿ, ಅಂದರೆ 898ರ ಹೊತ್ತಿಗೆ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತೆಂದು ಆ ಗ್ರಂಥದ ಪ್ರಶಸ್ತಿಯೇ ಹೇಳುತ್ತದೆ. ಸಾವಿರದ ನೂರು ವರ್ಷದ ಹಿಂದೆ ಒಂದು ಪುಸ್ತಕ ಮುಗಿದದ್ದಕ್ಕೆ ಊರು ಕೂಡಿ ಸಂಭ್ರಮಿಸಿದ ಸೀಮೆ ಇದು.

ಇಂಥ ಸೀಮೆಯಲ್ಲಿ, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳ ಗ್ರಂಥಾಲಯ ಮೇಲ್ವಿಚಾರಕರೂ ದತ್ತಿ ಇಟ್ಟ ಮನೆತನದವರೂ ಕೂಡಿರುವ ಈ ಸಭೆಯ ಮುಂದೆ, ನಾನು ಇವತ್ತು ಒಂದು ಬೇಡಿಕೆಯನ್ನು ಇಡಲು ಬಂದಿದ್ದೇನೆ. ಬೇಸಿಗೆ ಸೂಟಿಯ ಎರಡು ತಿಂಗಳು ನಮ್ಮ ಊರ ಗ್ರಂಥಾಲಯಗಳು ಅದೇ ಊರಿನ ಒಬ್ಬ ಕಾಲೇಜು ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಪಗಾರ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳಬೇಕು. ಪಗಾರ ಕೊಟ್ಟು ಎಂಬ ಮಾತನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಅದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸಡಿಲಾಗುತ್ತದೆ ಎಂಬುದು ನನ್ನ ನಂಬಿಕೆ. ಯಾಕೆ ಎಂದು ಮುಂದೆ ವಿವರಿಸುತ್ತೇನೆ.

ಮೊದಲು ನಮ್ಮ ಗ್ರಂಥಾಲಯಗಳು ಈಗ ಎಲ್ಲಿ ನಿಂತಿವೆ ಎಂದು ನೋಡೋಣ. ಈ ಭಾಗ ಮುಂಬಯಿ ಪ್ರಾಂತದಲ್ಲಿದ್ದಾಗ, 1939ರಲ್ಲಿ, ಅಲ್ಲಿನ ಸರ್ಕಾರ ಎ. ಎ. ಎ. ಫೈಜಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಪ್ರಾಂತದ ದೊಡ್ಡ ಗ್ರಂಥಾಲಯದಿಂದ ಹಳ್ಳಿಯ ವಾಚನಾಲಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥೆ ಬೇಕೆಂದು ಆ ಸಮಿತಿ ಯೋಚಿಸಿತ್ತು. ಏಕೀಕರಣವಾದ ಮೇಲೆ 1965ರಲ್ಲಿ ನಮ್ಮ ರಾಜ್ಯ ಸಾರ್ವಜನಿಕ ಗ್ರಂಥಾಲಯಗಳಿಗಾಗಿಯೇ ಕಾಯ್ದೆ ಮಾಡಿಕೊಂಡಿತು. ಮನೆಪಟ್ಟಿಯ ಜತೆ ನೂರಕ್ಕೆ ಆರರಂತೆ ನಾವು ಕಟ್ಟುವ ಗ್ರಂಥಾಲಯ ಕರಕ್ಕೆ ಆ ಕಾಯ್ದೆಯೇ ಆಧಾರ. ಮನೆಪಟ್ಟಿ ಕಟ್ಟುವಾಗ ಚೀಟಿಯಲ್ಲಿ ಆ ಸಾಲನ್ನು ಎಷ್ಟು ಜನ ಓದುತ್ತೇವೋ ಕಾಣೆ. ಓದಿದವರಿಗೆ ಮಾತ್ರ ತಮ್ಮ ಊರ ಗ್ರಂಥಾಲಯ ತಮ್ಮ ದುಡ್ಡಿನಿಂದ ನಡೆಯುತ್ತದೆ ಎಂಬ ಹಕ್ಕಿನ ಅರಿವು ಬರುತ್ತದೆ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ಕೊನೆಯಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಹೆಸರೂ ಬದಲಾಗಿ ಅರಿವು ಕೇಂದ್ರವಾಯಿತು. ಗೋಡೆಗೆ ಬಣ್ಣ ಬಂತು, ಗಣಕಯಂತ್ರ ಬಂತು, ಮಕ್ಕಳ ಪುಸ್ತಕ ಬಂತು. ಇದೆಲ್ಲ ನಿಜವಾದ ಸಾಧನೆ. ಇದಕ್ಕಾಗಿ ದುಡಿದ ಅಧಿಕಾರಿಗಳನ್ನೂ ಮೇಲ್ವಿಚಾರಕರನ್ನೂ ಈ ವೇದಿಕೆಯಿಂದ ನೆನೆಯುತ್ತೇನೆ.

ಆದರೆ ಕೇಂದ್ರಕ್ಕೆ ಮೇಲ್ವಿಚಾರಕರು ಒಬ್ಬರೇ. ಬೀಗ ತೆಗೆಯುವುದರಿಂದ ಹಿಡಿದು ಪತ್ರಿಕೆ ಹರವುವುದು, ಸದಸ್ಯರ ಹೆಸರು ಬರೆಯುವುದು, ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಪಂಚಾಯಿತಿಯವರು ಕೇಳಿದ ಅಂಕಿಸಂಖ್ಯೆ ಒದಗಿಸುವುದು ಎಲ್ಲವೂ ಅವರ ಹೆಗಲ ಮೇಲೆ. ಸಾಲಿ ನಡೆಯುವ ತಿಂಗಳುಗಳಲ್ಲಿ ಮಕ್ಕಳು ಬರುವುದು ಸಂಜೆ. ಸೂಟಿ ಬಿದ್ದರೆ ಬೆಳಿಗ್ಗೆಯೇ ಬಂದು ನಿಲ್ಲುತ್ತಾರೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಗ್ರಂಥಾಲಯಕ್ಕೆ ಮಕ್ಕಳು ಅತಿ ಹೆಚ್ಚು ಬರಬಹುದಾದ ಕಾಲ. ಮದುವೆ, ಜಾತ್ರೆ, ಹೊಲದ ತಯಾರಿ ಎಂದು ಮೇಲ್ವಿಚಾರಕರಿಗೂ ರಜೆ ಬೇಕಾಗುವ ಕಾಲ ಅದೇ. ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳು ಕೂತರೆ ಒಬ್ಬರು ಅವರನ್ನು ಸುಮ್ಮನಿರಿಸಬಹುದು, ಓದಿಸಲಾರರು.

ಅದೇ ಊರಿನಲ್ಲಿ, ಅದೇ ಹೊತ್ತಿಗೆ, ತರಗತಿಯಿಲ್ಲದೆ ಉಳಿದ ಇನ್ನೊಂದು ಗುಂಪಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ ಮುಗಿಯುತ್ತದೆ. ಡಿಗ್ರಿ ತರಗತಿ ಶುರುವಾಗುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ನಡುವಿನ ಎರಡು-ಮೂರು ತಿಂಗಳು ಹುಡುಗರು ಹುಬ್ಬಳ್ಳಿಯ ಬಟ್ಟೆ ಅಂಗಡಿಗೆ, ಗೋವಾದ ಕಟ್ಟಡದ ಕೆಲಸಕ್ಕೆ, ಬೆಂಗಳೂರಿನಲ್ಲಿ ಬೈಕಿನ ಮೇಲೆ ಪಾರ್ಸೆಲ್ ಮುಟ್ಟಿಸುವುದಕ್ಕೆ ಹೋಗುತ್ತಾರೆ. ಹಾನಗಲ್ಲ ಕಡೆಯವರು ಮಾವಿನ ತೋಪಿನಲ್ಲಿ ಕಾಯಿ ಇಳಿಸುತ್ತಾರೆ. ದುಡಿಮೆಯಲ್ಲಿ ಕೀಳು ಯಾವುದೂ ಇಲ್ಲ. ಆದರೆ ಹೋದವರಲ್ಲಿ ಕೆಲವರು ಕಾಲೇಜಿಗೆ ಹಿಂದಿರುಗಿ ಬರುವುದಿಲ್ಲ ಎಂಬುದು ಇಲ್ಲಿ ಕುಳಿತ ಉಪನ್ಯಾಸಕರಿಗೆಲ್ಲ ಗೊತ್ತು. ಕೈಗೆ ದುಡ್ಡು ಬಂದ ಮೇಲೆ ಪ್ರವೇಶದ ಶುಲ್ಕ, ಬಸ್ ಪಾಸು, ಆರು ಸೆಮಿಸ್ಟರು ಎಂಬ ದಾರಿ ಉದ್ದವಾಗಿ ಕಾಣುತ್ತದೆ.

ಹೆಣ್ಣುಮಕ್ಕಳ ಮಾತು ಬೇರೆ. ಅವರನ್ನು ಮನೆಯವರು ಹುಬ್ಬಳ್ಳಿಗೂ ಕಳಿಸುವುದಿಲ್ಲ, ಬೆಂಗಳೂರಿಗೂ ಕಳಿಸುವುದಿಲ್ಲ. ಬೇಸಿಗೆಯಲ್ಲಿ ಮನೆಗೆಲಸ, ಹೊಲದ ಕೆಲಸ, ಮತ್ತು ಯಾರೋ ನೋಡಲು ಬರುತ್ತಾರೆಂಬ ಮಾತು. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ ಡಿಗ್ರಿಗೆ ಸೇರುತ್ತಾಳೋ ಇಲ್ಲವೋ ಎಂಬುದು ಬಹಳ ಸಲ ಈ ಎರಡು ತಿಂಗಳಲ್ಲಿ, ಅಡುಗೆಮನೆಯ ಮಾತುಕತೆಯಲ್ಲಿ, ತೀರ್ಮಾನವಾಗಿಬಿಡುತ್ತದೆ. ತನ್ನೂರಿನ ಗ್ರಂಥಾಲಯದ ಕೆಲಸವೆಂದರೆ ಅಪ್ಪ-ಅವ್ವ ಬೇಡವೆನ್ನಲು ಕಾರಣ ಸಿಗುವುದು ಕಷ್ಟ. ಪಂಚಾಯಿತಿ ಕಟ್ಟಡ ನಾಲ್ಕು ಹೆಜ್ಜೆಯಲ್ಲಿದೆ, ಎಲ್ಲರ ಕಣ್ಣೆದುರಿಗಿನ ಕೆಲಸ, ಸರ್ಕಾರದ ಹೆಸರಿದೆ, ತಿಂಗಳಿಗೆ ಪಗಾರ ಬರುತ್ತದೆ. ಎರಡು ತಿಂಗಳು ಮಗಳು ಕುರ್ಚಿಯಲ್ಲಿ ಕೂತು ಊರ ಮಕ್ಕಳಿಗೆ ಓದಿಸುವುದನ್ನು ಕಂಡ ತಂದೆ, ಅವಳನ್ನು ಮುಂದಕ್ಕೆ ಓದಿಸಬೇಕೋ ಬೇಡವೋ ಎಂದು ಯೋಚಿಸುವಾಗ ಅವನ ಮನಸ್ಸಿನಲ್ಲಿ ಒಂದು ಹೊಸ ಲೆಕ್ಕ ಸೇರುತ್ತದೆ. ನಾನು ಈ ಯೋಜನೆಯ ಲಾಭಗಳನ್ನು ಎಣಿಸುತ್ತ ಹೋದರೆ ಇದನ್ನೇ ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಇನ್ನು ಚಿಕ್ಕ ಮಕ್ಕಳು. ದೀರ್ಘ ಸೂಟಿಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಎಂಬುದು ಗುರುಗಳ ಅನುಭವ. ಅದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೈನ್ಸ್ ಅಟ್ಲಾಂಟಾ ನಗರದ ಸುಮಾರು ಮೂರು ಸಾವಿರ ಮಕ್ಕಳ ಕಲಿಕೆಯನ್ನು ಸಾಲಿಯ ತಿಂಗಳುಗಳಲ್ಲೂ ರಜೆಯಲ್ಲೂ ಬೇರೆ ಬೇರೆಯಾಗಿ ಅಳೆದು 1978ರಲ್ಲಿ ಪುಸ್ತಕ ಬರೆದರು. ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಸಾಲಿ ನಡೆಯುವಾಗ ಹತ್ತಿರ ಹತ್ತಿರ ಸಾಗುತ್ತಿದ್ದರು. ಅಂತರ ಹೆಚ್ಚುತ್ತಿದ್ದದ್ದು ರಜೆಯಲ್ಲಿ. ಆ ರಜೆಯಲ್ಲಿ ಮಕ್ಕಳ ಶಬ್ದಸಂಪತ್ತು ಬೆಳೆಯುವುದಕ್ಕೂ ಅವರು ಓದಿದ ಪುಸ್ತಕಗಳಿಗೂ ಊರ ಗ್ರಂಥಾಲಯದ ಬಳಕೆಗೂ ಗಟ್ಟಿ ಸಂಬಂಧವಿರುವುದನ್ನು ಅವರು ಕಂಡರು. ಅಟ್ಲಾಂಟಾ ನಮಗೆ ದೂರ. ಹತ್ತಿರದ್ದು ಬೇಕೆಂದರೆ ಕೋವಿಡ್ ಕಾಲವನ್ನು ನೆನೆಯಬಹುದು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಸಾಲಿಗಳ 16,067 ಮಕ್ಕಳನ್ನು ಪರಿಶೀಲಿಸಿದಾಗ, ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೂ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಅದು ತಿಂಗಳುಗಟ್ಟಲೆ ಬಾಗಿಲು ಮುಚ್ಚಿದ್ದರ ಫಲ. ಬೇಸಿಗೆ ಸೂಟಿ ಅಷ್ಟು ದೊಡ್ಡದಲ್ಲ, ನಿಜ. ಆದರೆ ಅದು ಪ್ರತಿ ವರ್ಷ ಬರುತ್ತದೆ.

ಆ ಮಕ್ಕಳಿಗೆ ಬೇಕಾದದ್ದು ಇನ್ನೊಬ್ಬ ಮಾಸ್ತರರಲ್ಲ. ಮಾಸ್ತರರಿಂದ ಎರಡು ತಿಂಗಳು ಬಿಡುವು ಸಿಗಲಿ. ಅವರಿಗೆ ಬೇಕಾದದ್ದು ಓದುವ ಒಬ್ಬ ಅಕ್ಕ, ಓದುವ ಒಬ್ಬ ಅಣ್ಣ. ಮೂರನೇ ತರಗತಿಯ ಹುಡುಗ ಹಿರಿಯರ ಮುಂದೆ ತಡವರಿಸಿ ಓದಲು ನಾಚುತ್ತಾನೆ. ತನ್ನ ಓಣಿಯ ಅಕ್ಕನ ಪಕ್ಕ ಕೂತು ತಪ್ಪು ತಪ್ಪಾಗಿ ಓದಲು ನಾಚುವುದಿಲ್ಲ. ಆ ಅಕ್ಕನಿಗೆ ಅವನ ಮನೆಯ ಮಾತು ಗೊತ್ತು. ಅವನು ‘ಹೊಂಟೇನಿ’ ಅಂದಾಗ ಪುಸ್ತಕದಲ್ಲಿ ‘ಹೊರಟಿದ್ದೇನೆ’ ಎಂದಿರುವುದನ್ನು ನಗದೆ ತೋರಿಸಬಲ್ಲಳು. ಇನ್ನೂ ದೊಡ್ಡ ಮಾತೊಂದಿದೆ. ಹಳ್ಳಿಯ ಮಗುವಿಗೆ ಓದಿದವರೆಂದರೆ ಹೊರಗಿನಿಂದ ಬಂದು ಸಂಜೆ ಬಸ್ಸಿಗೆ ಹಿಂದಿರುಗುವ ಜನ. ತನ್ನ ಓಣಿಯವಳೇ, ತನ್ನಂತೆಯೇ ಕೆರೆಯ ನೀರು ಹೊತ್ತವಳೇ, ದಪ್ಪ ಕಾದಂಬರಿ ಹಿಡಿದು ಕೂತದ್ದನ್ನು ನೋಡುವುದು ಆ ಮಗುವಿಗೆ ಯಾವ ಪಠ್ಯದಲ್ಲೂ ಸಿಗದ ಪಾಠ.

ಇಂಥ ಪದ್ಧತಿ ಬೇರೆಡೆ ಬೇರೂರಿದೆ. ಕೆನಡಾದಲ್ಲಿ ಕೇಂದ್ರ ಸರ್ಕಾರವೇ ‘ಕೆನಡಾ ಸಮ್ಮರ್ ಜಾಬ್ಸ್’ ಎಂಬ ಯೋಜನೆಯಲ್ಲಿ 15ರಿಂದ 30 ವರ್ಷದವರಿಗೆ ಬೇಸಿಗೆಯ ಕೆಲಸ ಕೊಡುವ ಸಂಸ್ಥೆಗಳಿಗೆ ವೇತನದ ಪಾಲು ಭರಿಸಿಕೊಡುತ್ತದೆ; ಅಲ್ಲಿನ ಸಣ್ಣ ಊರುಗಳ ಗ್ರಂಥಾಲಯಗಳು ಇದನ್ನು ಬಳಸಿಕೊಂಡು ಮಕ್ಕಳ ಬೇಸಿಗೆ ಓದಿನ ಕಾರ್ಯಕ್ರಮ ನಡೆಸುತ್ತವೆ. ಅಮೆರಿಕದಲ್ಲಿ 1964ರ ಕಾಯ್ದೆಯಿಂದ ಬಡ ವಿದ್ಯಾರ್ಥಿಗಳಿಗೆ ಓದಿನ ಜತೆಗೇ ದುಡಿಯುವ ಅವಕಾಶ ಸಿಕ್ಕಿತು. ಎಷ್ಟೋ ಕಾಲೇಜುಗಳ ಗ್ರಂಥಾಲಯದ ಕಪಾಟುಗಳನ್ನು ಜೋಡಿಸುವುದು ಇಂಥ ವಿದ್ಯಾರ್ಥಿಗಳ ಕೈ.

ಆದರೆ ಇದಕ್ಕಾಗಿ ನಾವು ಕಡಲು ದಾಟಬೇಕಿಲ್ಲ. ಸಾತಾರಾ ನಮಗೆ ನೆರೆಯ ಸೀಮೆ. ಕೊಲ್ಹಾಪುರ ಕಡೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಎಲ್ಲ ಜಾತಿಯ ಹುಡುಗರನ್ನು ಒಂದೇ ವಸತಿಗೃಹದಲ್ಲಿ ಇಟ್ಟು, ಹೊಲದಲ್ಲಿ ದುಡಿಸಿ, ಗೋಡೆ ಕಟ್ಟಿಸಿ, ಆ ದುಡಿಮೆಯಿಂದಲೇ ಅವರ ಓದು ಸಾಗುವಂತೆ ಮಾಡಿದರು. ಪುಣೆಯ ವಿಶ್ವವಿದ್ಯಾಲಯದಲ್ಲಿ ಇಂದಿಗೂ ಅವರ ಹೆಸರಿನಲ್ಲಿ ಗಳಿಸುತ್ತ ಕಲಿಯುವ ಯೋಜನೆ ನಡೆದಿದೆ. ನಮ್ಮ ಕಡೆ ಅದೇ ಕಾಲಕ್ಕೆ ಬಡ ಹುಡುಗರು ವಾರಾನ್ನದಲ್ಲಿ, ಮಠದ ಪ್ರಸಾದ ನಿಲಯದಲ್ಲಿ ಓದಿದರು. ಹಾನಗಲ್ಲ ಕುಮಾರಸ್ವಾಮಿಗಳಂಥವರು ಜೋಳಿಗೆ ಹಿಡಿದು ಊರೂರು ಸುತ್ತಿ ವಿದ್ಯೆಗೆ ನೆಲೆ ಮಾಡಿದರು. ಆ ದಾಸೋಹದ ಋಣ ಈ ನಾಡಿನ ಮೇಲೆ ತೀರದಷ್ಟಿದೆ. ಭಾವುರಾವರ ದಾರಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಅಲ್ಲಿನ ಹುಡುಗ ತನ್ನ ಓದಿನ ಅನ್ನವನ್ನು ತಾನೇ ಗಳಿಸಿದೆನೆಂದು ತಲೆಯೆತ್ತಿ ನಡೆದ. ಇವತ್ತಿನ ಹುಡುಗರಿಗೆ ಆ ತಲೆಯೆತ್ತುವಿಕೆ ಬೇಕಾಗಿದೆ.

ಅದಕ್ಕೇ ಪಗಾರದ ಮಾತು. ‘ಸೇವೆ ಎಂದು ಮಾಡಿಸಬಹುದಲ್ಲ, ರಾಷ್ಟ್ರೀಯ ಸೇವಾ ಯೋಜನೆ ಇದೆಯಲ್ಲ’ ಎಂದು ಕೇಳುವವರಿದ್ದಾರೆ. 1969ರಿಂದ ನಡೆದು ಬಂದ ಎನ್‌ಎಸ್‌ಎಸ್ ಮೇಲೆ ನನಗೆ ಗೌರವವಿದೆ. ಎರಡು ವರ್ಷದಲ್ಲಿ 240 ತಾಸು ಸೇವೆ, ಏಳು ದಿನದ ಶಿಬಿರ, ಹಳ್ಳಿಯ ರಸ್ತೆ, ಗಿಡ, ಬಾವಿ ಎಲ್ಲಕ್ಕೂ ಅದು ಕೈಜೋಡಿಸಿದೆ. ಆದರೆ ಎರಡು ತಿಂಗಳು ದಿನವೂ ಪುಕ್ಕಟೆಯಾಗಿ ಬರಬಲ್ಲವನು ಮನೆಯಲ್ಲಿ ಅನುಕೂಲವಿದ್ದವನು. ಕೂಲಿ ಮಾಡುವವರ ಮಗಳಿಗೆ ಆ ಸೇವೆಯ ಪುಣ್ಯ ದಕ್ಕುವುದಿಲ್ಲ; ಅವಳು ಕಳೆ ಕೀಳಲು, ಮೆಕ್ಕೆಜೋಳದ ತೆನೆ ಬಿಡಿಸಲು ಹೋಗಬೇಕು. ಪಗಾರವಿಲ್ಲದ ಗ್ರಂಥಾಲಯ ಕೆಲಸ ಉಳ್ಳವರ ಮಕ್ಕಳ ಪ್ರಮಾಣಪತ್ರವಾಗಿ ಉಳಿದುಬಿಡುತ್ತದೆ. ಇನ್ನೊಂದು ಕಾರಣ ಹೊಣೆ. ಪಗಾರ ಕೊಟ್ಟವರು ಹೊತ್ತಿಗೆ ಸರಿಯಾಗಿ ಬಾ ಎನ್ನಬಹುದು, ವಹಿ ತೋರಿಸು ಎನ್ನಬಹುದು. ಪುಕ್ಕಟೆ ಬಂದವರಿಗೆ ಹಾಗೆ ಹೇಳಲು ನಮಗೇ ಸಂಕೋಚ.

ಎಷ್ಟು ಕೊಡಬೇಕು? ಲೆಕ್ಕ ಸರಳವಾಗಿಯೇ ಹಾಕೋಣ. ದಿನಕ್ಕೆ ನಾಲ್ಕು ತಾಸು, ತಿಂಗಳಿಗೆ 26 ದಿನ, ತಿಂಗಳಿಗೆ 6,000 ರೂಪಾಯಿ. ದಿನಕ್ಕೆ ಸುಮಾರು 230 ರೂಪಾಯಿ ಬಿದ್ದಂತಾಯಿತು. ನಮ್ಮ ರಾಜ್ಯದಲ್ಲಿ 2025-26ರ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅರ್ಧ ದಿನದ ಲೆಕ್ಕಕ್ಕೆ ಇದು ಅದಕ್ಕಿಂತ ಮೇಲೆಯೇ ಇದೆ. ಎರಡು ತಿಂಗಳಿಗೆ 12,000. ಒಬ್ಬ ವಿದ್ಯಾರ್ಥಿನಿಯ ಡಿಗ್ರಿ ಪ್ರವೇಶ, ಪುಸ್ತಕ, ಬಸ್ ಪಾಸಿನ ಚಿಂತೆಯನ್ನು ಇದು ಬಹುಮಟ್ಟಿಗೆ ತಗ್ಗಿಸುತ್ತದೆ. ಅರ್ಧ ದಿನವೇ ಯಾಕೆಂದರೆ ಉಳಿದ ಹೊತ್ತು ಅವರು ಮುಂದಿನ ಓದಿಗೆ, ಮನೆಗೆ ಸಿಗಬೇಕು. ಹದಿನೆಂಟು ತುಂಬಿದವರನ್ನೇ ತೆಗೆದುಕೊಳ್ಳಬೇಕು. ಕಾನೂನಿನ ತೊಡಕು ಬರದಂತೆ ಮಾತ್ರವಲ್ಲ, ಇತರ ಮಕ್ಕಳ ಹೊಣೆ ಹೊರುವ ಕೆಲಸವಿದು ಎಂಬ ಕಾರಣಕ್ಕೂ.

ಈಗ ಕೆಲಸದ ಒಳಗೆ ಇಳಿಯುತ್ತೇನೆ, ಯಾಕೆಂದರೆ ವಿದ್ಯಾರ್ಥಿಯನ್ನು ತೆಗೆದುಕೊಂಡು ಪತ್ರಿಕೆ ಮಡಚಿಸಿದರೆ ಯಾರಿಗೂ ಲಾಭವಿಲ್ಲ. ಮೊದಲನೆಯದು ದಾಖಲಾತಿ ವಹಿಗೂ ಕಪಾಟಿಗೂ ತಾಳೆ ನೋಡುವುದು. ವರ್ಷಗಟ್ಟಲೆ ಒಬ್ಬರೇ ನಡೆಸಿದ ಗ್ರಂಥಾಲಯದಲ್ಲಿ ಯಾವ ಪುಸ್ತಕ ಇದೆ, ಯಾವುದು ಹೋಗಿದೆ, ಯಾವುದಕ್ಕೆ ಗೆದ್ದಲು ಹಿಡಿದಿದೆ ಎಂದು ನೋಡಲು ಕಪಾಟು ಖಾಲಿ ಮಾಡಿ, ಒರಸಿ, ಮತ್ತೆ ಜೋಡಿಸಬೇಕು. ಇಬ್ಬರಿಲ್ಲದೆ ಇದು ಆಗದ ಕೆಲಸ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814 ಎಂದು ಒಮ್ಮೆ ತಿಳಿದ ವಿದ್ಯಾರ್ಥಿ, ಆಮೇಲೆ ತನ್ನ ಕಾಲೇಜಿನ ಗ್ರಂಥಾಲಯದಲ್ಲಿ ಯಾರನ್ನೂ ಕೇಳದೆ ಪುಸ್ತಕ ಹುಡುಕಬಲ್ಲ. ಈ ವರ್ಗೀಕರಣ ಶಾಸ್ತ್ರಕ್ಕೆ ನಮ್ಮವರೇ ಆದ ಎಸ್. ಆರ್. ರಂಗನಾಥನ್ ಹೊಸ ದಾರಿ ತೋರಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಅದರ ಸಂಶೋಧನೆ, ತರಬೇತಿಗೇ ಒಂದು ಕೇಂದ್ರ ಕಟ್ಟಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದರ ಸ್ನಾತಕೋತ್ತರ ಓದು ಇದೆ. ಆ ಓದು ಒಂದಿದೆ ಎಂಬುದೇ ನಮ್ಮ ಹಳ್ಳಿಯ ಹುಡುಗರಿಗೆ ಗೊತ್ತಿಲ್ಲ. ಎರಡು ಬೇಸಿಗೆ ಕೆಲಸ ಮಾಡಿದವರಲ್ಲಿ ಒಬ್ಬರಾದರೂ ಆ ದಾರಿ ಹಿಡಿದಾರು.

ಎರಡನೆಯದು ಪುಸ್ತಕವನ್ನು ಓದುಗರ ಬಳಿಗೆ ಒಯ್ಯುವುದು. ನಮ್ಮ ಜಿಲ್ಲೆಯವರೇ ಆದ ಗಳಗನಾಥರು ತಮ್ಮ ಕಾದಂಬರಿಗಳ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ರಂಗನಾಥನ್ನರ ಪ್ರೇರಣೆಯಿಂದ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿ ಹಳ್ಳಿಗಳಿಗೆ ಒಯ್ದರು. ಹಾನಗಲ್ಲ ತಾಲ್ಲೂಕಿನ ಅಂಚಿನ ಕಾಡಿನ ಬಳಿ ಗೌಳಿಗರ ದಡ್ಡಿಗಳಿವೆ, ನಾಲ್ಕೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಪಂಚಾಯಿತಿ ಇರುವ ಊರಿಗೆ ಅಲ್ಲಿಂದ ಮಕ್ಕಳು ನಡೆದು ಬರುವುದು ಬೇಸಿಗೆಯ ಬಿಸಿಲಲ್ಲಿ ಸಾಧ್ಯವಿಲ್ಲ. ಮೇಲ್ವಿಚಾರಕರು ಕೇಂದ್ರ ಬಿಟ್ಟು ಹೋಗಲಾರರು. ಸೈಕಲ್ ಮೇಲೆ ಒಂದು ಚೀಲ ಪುಸ್ತಕ ಇಟ್ಟುಕೊಂಡು ವಾರಕ್ಕೆರಡು ಸಂಜೆ ಹೋಗಿಬರಲು ವಿದ್ಯಾರ್ಥಿಗೆ ಆಗುತ್ತದೆ. ಆ ವಿದ್ಯಾರ್ಥಿ ದಡ್ಡಿಯವನೋ ತಾಂಡಾದವಳೋ ಆಗಿದ್ದರೆ ಇನ್ನೂ ಚೆನ್ನ. ಮನೆಯಲ್ಲಿ ಬೇರೆ ನುಡಿ ಆಡುವ ಮಕ್ಕಳಿಗೆ ಕನ್ನಡದ ಕಥೆಯನ್ನು ಅವರ ನುಡಿಯಲ್ಲೇ ಬಿಡಿಸಿ ಹೇಳಬಲ್ಲರು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳನ್ನೂ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳನ್ನೂ ನೆನೆದರೆ ಇನ್ನೊಂದು ಕೆಲಸ ಹೊಳೆಯುತ್ತದೆ: ಓದಿ ಹೇಳುವುದು. ಕಣ್ಣಿಲ್ಲದವರಿಗೆ, ಕಣ್ಣು ಮಂಜಾದ ಹಿರಿಯರಿಗೆ, ಅಕ್ಷರ ಕಲಿಯದ ತಾಯಂದಿರಿಗೆ ಮಧ್ಯಾಹ್ನದ ಒಂದು ತಾಸು ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದಿ ಹೇಳುವವರು ಬೇಕು. ಗುಡಿಯ ಕಟ್ಟೆಯ ಮೇಲೆ ಪುರಾಣ ಓದಿ ಅರ್ಥ ಹೇಳುವ ಪದ್ಧತಿ ಇದ್ದ ಊರುಗಳು ಇವು. ಕೇಳುವ ಕಿವಿಗಳು ಇನ್ನೂ ಇವೆ.

ಸವಣೂರಿನ ಮಾತು ಸ್ವಲ್ಪ ಬೇರೆ. ನವಾಬರ ಕಾಲದಿಂದ ಅಲ್ಲಿ ಕನ್ನಡವೂ ಉರ್ದೂ ಒಂದೇ ಓಣಿಯಲ್ಲಿ ಬಾಳಿವೆ. ಉರ್ದೂ ಶಾಲೆಗೆ ಹೋಗುವ ಮಗು ಗ್ರಂಥಾಲಯಕ್ಕೆ ಬಂದಾಗ ತನ್ನ ಲಿಪಿಯ ಪುಸ್ತಕ ಸಿಗದಿದ್ದರೆ ಎರಡನೇ ಸಲ ಬರುವುದಿಲ್ಲ. ಎರಡೂ ಲಿಪಿ ಬಲ್ಲ ಒಬ್ಬ ವಿದ್ಯಾರ್ಥಿನಿ ಅಲ್ಲಿದ್ದರೆ ಯಾವ ಉರ್ದೂ ಪುಸ್ತಕ ತರಿಸಬೇಕೆಂದು ಹೇಳಬಲ್ಲಳು, ಆ ಮಗುವನ್ನು ಕೈಹಿಡಿದು ಕನ್ನಡದ ಕಪಾಟಿನ ಕಡೆಗೂ ಕರೆತರಬಲ್ಲಳು. ಕನ್ನಡದ ಸ್ಥಾನಮಾನಕ್ಕಾಗಿ ವರದಿ ಬರೆದ ಗೋಕಾಕರು ಈ ಊರಿನ ಮಗ. ಅವರ ಊರಿನಲ್ಲಿ ಕನ್ನಡ ಬೆಳೆಯಬೇಕಾದದ್ದು ಇಂಥ ಅಕ್ಕರೆಯಿಂದ ಎಂದು ನಾನು ಬಗೆಯುತ್ತೇನೆ.

ಶಿಗ್ಗಾವಿಗೆ ಬೇರೆ ಯಾವ ತಾಲ್ಲೂಕಿಗೂ ಇಲ್ಲದ ಒಂದು ಭಾಗ್ಯವಿದೆ. ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಅಲ್ಲಿ ಓದುವವರು ಬೇಸಿಗೆಯಲ್ಲಿ ಸುತ್ತಲಿನ ಹಳ್ಳಿಗಳ ಗ್ರಂಥಾಲಯಕ್ಕೆ ಬಂದು ಕೂತರೆ ಏನಾಗಬಹುದೆಂದು ಯೋಚಿಸಿ. ಬೀಸುವ ಪದ, ಸೋಬಾನೆ, ಡೊಳ್ಳಿನ ಪದ, ದೊಡ್ಡಾಟದ ಮಾತು, ಭಜನಾ ಮೇಳದವರ ಕೈಬರಹದ ವಹಿಯಲ್ಲಿ ಉಳಿದ ತತ್ವಪದಗಳು — ಇವನ್ನು ಹಾಡುವವರ ಅನುಮತಿ ಪಡೆದು ಧ್ವನಿಮುದ್ರಿಸಿ, ಯಾರು, ಯಾವ ಊರು, ಯಾವಾಗ ಎಂದು ಬರೆದು, ಒಂದು ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದು ಪ್ರತಿ ಅದೇ ಊರ ಗ್ರಂಥಾಲಯಕ್ಕೂ ಇಡಬಹುದು. ಹಾಡು ಕೊಟ್ಟ ಊರಿನಲ್ಲೇ ಅದರ ಪ್ರತಿ ಉಳಿಯುವುದು ನ್ಯಾಯ. ಶರೀಫರು ಮುಲ್ಕಿ ಪರೀಕ್ಷೆಯವರೆಗೆ ಓದಿ ಕೆಲಕಾಲ ಶಾಲೆಯ ಮಾಸ್ತರರಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು. ಹಾಡಿಗೂ ಅಕ್ಷರಕ್ಕೂ ಈ ನೆಲದಲ್ಲಿ ಎಂದೂ ವೈರವಿರಲಿಲ್ಲ.

ಇಲ್ಲಿಂದ ನನಗೆ ಬಹಳ ಪ್ರಿಯವಾದ ಒಂದು ಯೋಚನೆಗೆ ಬರುತ್ತೇನೆ. ಅದನ್ನು ಊರಿನ ಕಪಾಟು ಎಂದು ಕರೆಯೋಣ. ನಮ್ಮ ಗ್ರಂಥಾಲಯಗಳಿಗೆ ಪುಸ್ತಕ ಬರುವುದು ಮೇಲಿನಿಂದ. ಹಿರೇಕೆರೂರು ಸೀಮೆಯ ಅಬಲೂರಿನ ಗ್ರಂಥಾಲಯದಲ್ಲಿ ಎಲ್ಲೋ ದೂರದ ನಗರದ ಚರಿತ್ರೆ ಸಿಗುತ್ತದೆ. ಶಿವಭಕ್ತ ಏಕಾಂತದ ರಾಮಯ್ಯನ ಸಂಗತಿ ಹೇಳುವ ಅದೇ ಊರಿನ ಶಾಸನದ ಪಾಠ ಹುಡುಕಿದರೂ ಸಿಗಲಿಕ್ಕಿಲ್ಲ. ಸಾಲಿಯ ಶತಮಾನೋತ್ಸವದ ಸ್ಮರಣ ಸಂಚಿಕೆ, ಜಾತ್ರೆಯ ಕರಪತ್ರ, ಊರವರು ಆಡಿದ ನಾಟಕದ ಹ್ಯಾಂಡ್‌ಬಿಲ್, ಮಠದಲ್ಲಿ ಅಚ್ಚಾದ ಸಣ್ಣ ಪುಸ್ತಕ, ಯಾರದೋ ಮನೆಯ ಅಟ್ಟದಲ್ಲಿರುವ ಹಳೆಯ ಮಾಸಿಕಗಳು, ಸ್ವಾತಂತ್ರ್ಯ ಹೋರಾಟಗಾರರ ಪತ್ರಗಳು ಒಂದೊಂದಾಗಿ ರದ್ದಿಗೆ ಹೋಗುತ್ತಿವೆ. ಇವನ್ನು ಮನೆಮನೆಗೆ ಹೋಗಿ ಕೇಳಿ, ಕೊಟ್ಟವರಿಂದ ಪಡೆದು, ಕೊಡದವರಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದು, ಪಟ್ಟಿ ಮಾಡಿ ಇಡುವ ಕೆಲಸ ಆ ಊರಿನ ಹುಡುಗ-ಹುಡುಗಿಯರಿಂದ ಮಾತ್ರ ಆದೀತು. ಬೇರೆಯವರಿಗೆ ಅಟ್ಟದ ಏಣಿ ಹಾಕಿಕೊಡುವುದಿಲ್ಲ. ಎರಡು ತಿಂಗಳಲ್ಲಿ ಐವತ್ತು ವಸ್ತು ಸಿಕ್ಕರೂ ಸಾಕು. ಮುಂದಿನ ಬೇಸಿಗೆಯವರು ಅಲ್ಲಿಂದ ಮುಂದುವರಿಸುತ್ತಾರೆ.

ಮೇ ತಿಂಗಳ ಕೊನೆಗೆ ರೈತರ ಕೆಲಸವೂ ಇರುತ್ತದೆ. ಬಿತ್ತನೆಗೆ ಮುಂಚೆ ಬೆಳೆ ವಿಮೆಯ ಷರತ್ತು, ಪಹಣಿಯ ತಿದ್ದುಪಡಿ, ಇಲಾಖೆಯ ಪ್ರಕಟಣೆ ಓದಿ ತಿಳಿಸುವವರು ಗ್ರಂಥಾಲಯದಲ್ಲಿ ಸಿಕ್ಕರೆ ಮಕ್ಕಳ ಅಪ್ಪಂದಿರೂ ಹೊಸ್ತಿಲು ದಾಟುತ್ತಾರೆ.

ಆತಂಕಗಳಿವೆ. ಅವನ್ನು ಹಗುರಾಗಿ ಕಾಣಬಾರದು. ಮೇಲ್ವಿಚಾರಕ ಬಂಧುಗಳೆ, ನೀವು ಬಹು ವರ್ಷ ಕಡಿಮೆ ಗೌರವಧನದಲ್ಲಿ ಈ ಗ್ರಂಥಾಲಯಗಳನ್ನು ಉಳಿಸಿದವರು. ‘ಹುಡುಗರನ್ನು ತಂದು ನಮ್ಮನ್ನು ಬಿಡಿಸುತ್ತಾರೇನೋ’ ಎಂಬ ಭಯ ನಿಮಗೆ ಬಂದರೆ ಅದು ಸಹಜ. ಆದ್ದರಿಂದ ಮೊದಲ ಷರತ್ತು ಇದಾಗಬೇಕು: ವಿದ್ಯಾರ್ಥಿ ನಿಮ್ಮ ಕೈಕೆಳಗೆ ಕಲಿಯಲು ಬರುತ್ತಾನೆ, ನಿಮ್ಮ ಜಾಗಕ್ಕೆ ಬರುವುದಿಲ್ಲ, ಕೀಲಿಕೈ, ವಹಿ, ಲೆಕ್ಕ ನಿಮ್ಮದೇ. ಕಲಿಸುವ ಹೊಣೆ ನಿಮಗೆ ಬಂದಾಗ ಅದಕ್ಕೂ ಒಂದಿಷ್ಟು ಹೆಚ್ಚಿನ ಗೌರವಧನ ಸಿಗಬೇಕೆಂದು ನಾನು ಇಲ್ಲಿಂದಲೇ ಕೇಳುತ್ತೇನೆ. ಎರಡನೆಯ ಆತಂಕ ಆಯ್ಕೆಯದು. ಪಂಚಾಯಿತಿಯಲ್ಲಿ ಯಾರ ಕೈ ಮೇಲೋ ಅವರ ಮನೆಯವರಿಗೇ ಕೆಲಸ ಹೋದರೆ ಮೊದಲ ವರ್ಷವೇ ಯೋಜನೆ ಮುಗಿದಂತೆ. ಊರ ಹೈಸ್ಕೂಲಿನ ಮುಖ್ಯ ಗುರುಗಳು, ಹತ್ತಿರದ ಕಾಲೇಜಿನ ಗ್ರಂಥಪಾಲಕರು, ಮೇಲ್ವಿಚಾರಕರು ಮೂವರು ಕೂತು ಆರಿಸಲಿ. ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಕಥೆಯನ್ನು ನಾಲ್ಕು ಮಕ್ಕಳ ಮುಂದೆ ಓದಿಸಿ ನೋಡಲಿ. ಯಾರು ಬೇಕೆಂದು ಮಕ್ಕಳ ಮುಖವೇ ಹೇಳುತ್ತದೆ. ಪುಸ್ತಕ ಕಳೆದರೆ? ಕಳೆಯುತ್ತವೆ. ಓದುವ ಗ್ರಂಥಾಲಯದಲ್ಲಿ ಪುಸ್ತಕ ಹರಿಯುತ್ತವೆ, ಕಳೆಯುತ್ತವೆ. ಅದನ್ನು ವಿದ್ಯಾರ್ಥಿಯ ಪಗಾರದಲ್ಲಿ ಹಿಡಿಯಕೂಡದು. ಹಿಡಿದರೆ ಅವರು ಮಕ್ಕಳ ಕೈಗೆ ಪುಸ್ತಕ ಕೊಡುವುದನ್ನೇ ಬಿಡುತ್ತಾರೆ.

ದುಡ್ಡು ಎಲ್ಲಿಂದ? ಗ್ರಂಥಾಲಯ ಕರದಿಂದ ಒಂದು ಪಾಲು ಬರಲಿ ಎಂದು ಕೇಳುವುದು ನಮ್ಮ ಹಕ್ಕು. ಸರ್ಕಾರದ ಆದೇಶಕ್ಕೆ ಕಾಯುವಷ್ಟರಲ್ಲಿ ನಾಲ್ಕಾರು ಬೇಸಿಗೆ ಕಳೆದುಹೋಗಬಹುದು. ಆದ್ದರಿಂದ ದತ್ತಿಯ ಮನೆತನದವರ ಎದುರಿಗೆ ನಿಂತು ಇದನ್ನು ಹೇಳುತ್ತಿದ್ದೇನೆ. ನಮ್ಮ ಭಾಗದಲ್ಲಿ ತಂದೆತಾಯಿಯ ಹೆಸರಿನಲ್ಲಿ ದತ್ತಿ ಇಟ್ಟು ವರ್ಷಕ್ಕೊಂದು ಉಪನ್ಯಾಸ ಮಾಡಿಸುವುದು ಒಳ್ಳೆಯ ಸಂಪ್ರದಾಯ. ಅದರ ಜತೆಗೆ ಬೇಸಿಗೆಯ ವಿದ್ಯಾರ್ಥಿಗೆಂದೇ ದತ್ತಿ ಇಡುವ ಸಂಪ್ರದಾಯವೂ ಶುರುವಾಗಲಿ. ಬ್ಯಾಂಕಿನಲ್ಲಿ 1,80,000 ರೂಪಾಯಿ ಠೇವಣಿ ಇಟ್ಟು ನೂರಕ್ಕೆ ಆರೂಮುಕ್ಕಾಲರಷ್ಟು ಬಡ್ಡಿ ಬಂದರೆ ವರ್ಷಕ್ಕೆ ಹನ್ನೆರಡು ಸಾವಿರ ದಾಟುತ್ತದೆ. ಒಂದು ಊರಿಗೆ, ಒಬ್ಬ ವಿದ್ಯಾರ್ಥಿಗೆ, ಪ್ರತಿ ಬೇಸಿಗೆಗೂ ಅಷ್ಟೇ ಬೇಕು. ಒಂದು ಮದುವೆಯ ಮಂಟಪದ ಅಲಂಕಾರಕ್ಕೆ ಅಷ್ಟು ಖರ್ಚಾಗುವುದನ್ನು ನಾವೆಲ್ಲ ನೋಡಿದ್ದೇವೆ. ಹತ್ತು ಮನೆಗಳು ಕೂಡಿದರೆ ಮನೆಗೆ ಹದಿನೆಂಟು ಸಾವಿರ. ಹೊರ ಊರಿಗೆ ಹೋಗಿ ಉದ್ಯೋಗದಲ್ಲಿರುವ ನಮ್ಮ ಹಳ್ಳಿಗಳ ಮಕ್ಕಳು, ಬೆಂಗಳೂರಿನಲ್ಲಿರಲಿ ಹೊರದೇಶದಲ್ಲಿರಲಿ, ಊರಿಗೆ ಏನಾದರೂ ಮಾಡಬೇಕೆಂದು ಕೇಳುತ್ತಿರುತ್ತಾರೆ. ಅವರಿಗೆ ಹೇಳಲು ನಮ್ಮಲ್ಲಿ ಇನ್ನುಮುಂದೆ ಒಂದು ಖಚಿತವಾದ ಲೆಕ್ಕವಿದೆ.

ಮೊದಲ ವರ್ಷ ದೊಡ್ಡದಾಗಿ ಹರಡುವುದು ಬೇಡ. ತಾಲ್ಲೂಕಿಗೊಂದರಂತೆ ನಾಲ್ಕು ಗ್ರಂಥಾಲಯ, ನಾಲ್ವರು ವಿದ್ಯಾರ್ಥಿಗಳು. ಫೆಬ್ರುವರಿಯಲ್ಲಿ ಅರ್ಜಿ, ಪಿಯುಸಿ ಪರೀಕ್ಷೆ ಮುಗಿದ ಮೇಲೆ ಆಯ್ಕೆ, ಏಪ್ರಿಲ್ ಮೊದಲ ವಾರ ಮೂರು ದಿನದ ತರಬೇತಿ. ಆ ಮೂರು ದಿನದಲ್ಲಿ ವಹಿ ಬರೆಯುವುದು, ಕಪಾಟು ಜೋಡಿಸುವುದು, ಮಕ್ಕಳಿಗೆ ಕಥೆ ಓದುವುದು, ಮಕ್ಕಳ ಸುರಕ್ಷತೆಯ ನಿಯಮಗಳು ಇಷ್ಟನ್ನು ಕಲಿಸೋಣ. ಮೇ ಕೊನೆಗೆ ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ಎರಡು ಪುಟ ಬರೆದು ಕೊಡಬೇಕು. ಅದರಲ್ಲಿ ಎಷ್ಟು ಜನ ಬಂದರು ಎನ್ನುವುದರ ಜತೆಗೆ, ಏಪ್ರಿಲ್‌ನಲ್ಲಿ ಓದಲು ತಡವರಿಸುತ್ತಿದ್ದ ಯಾವ ಮಗು ಈಗ ಯಾವ ಪುಸ್ತಕ ತಾನೇ ಕೇಳಿ ಒಯ್ಯುತ್ತಿದೆ ಎಂಬುದೂ ಇರಬೇಕು. ಆ ನಾಲ್ಕು ವರದಿಗಳನ್ನು ಮುಂದಿನ ವರ್ಷದ ಈ ದತ್ತಿ ಉಪನ್ಯಾಸದ ದಿನ ಆ ವಿದ್ಯಾರ್ಥಿಗಳೇ ಇಲ್ಲಿ ನಿಂತು ಓದಲಿ ಎಂದು ಸಂಘಟಕರಲ್ಲಿ ಕೇಳಿಕೊಳ್ಳುತ್ತೇನೆ. ನಾಲ್ಕೂ ತಾಲ್ಲೂಕುಗಳ ಮೇಲ್ವಿಚಾರಕರು ಸಭೆ ಮುಗಿದ ಬಳಿಕ ಹತ್ತು ನಿಮಿಷ ಹಿಂದೆ ಉಳಿಯಿರಿ; ನಿಮ್ಮ ಕೇಂದ್ರದಲ್ಲಿ ಬರುವ ಏಪ್ರಿಲ್‌ಗೆ ಯಾವ ಕೆಲಸ ಬಾಕಿ ಇದೆ ಎಂದು ಪಟ್ಟಿ ಮಾಡೋಣ.